ಚುಕ್ಕಿ ಇಲ್ಲದ ದಿನಗಳು

ಆಳಂದ
ತಾ. 9-11-1941

ಚಿ. ಸೌ. ಶರಣಬಸಮ್ಮಳಿಗೆ ಆಶೀರ್ವಾದ.

ತೊಟ್ಟಿಲ ಕಾರ್ಯ ಸಾಂಗವಾಗಿ ಮುಗಿಯಿತೆಂದು ನಿನ್ನ ಅಣ್ಣ ಅಮೃತ ಬರೆದಿದ್ದಾನೆ. ಕೂಸಿಗೆ ನಿನ್ನ ತಾಯಿಯ ಹೆಸರನ್ನೇ ಇಟ್ಟು ಸಾಬವ್ವ ಎಂದು ಕರೆದದ್ದು ಸರಿಯಾಯಿತು. ತಂದೆಯೇ ಬರಲಿಲ್ಲವೆಂದು ಕೊಳಕೂರಿನಲ್ಲಿ ನಾಲ್ಕು ಮಂದಿ ಆಡಿಕೊಂಡಿರಬಹುದು. ಆಬಕಾರಿ ಕಚೇರಿಯಲ್ಲಿ ಈ ತಿಂಗಳು ತಪಾಸಣೆ ನಡೆದಿದೆ. ಅಫೀಮು ಇಡುವ ಕೋಣೆಯ ಕೀಲಿ ನನ್ನ ಬಳಿ ಇರುವುದರಿಂದ ರಜೆ ಸಿಗಲಿಲ್ಲ. ಐದನೆಯ ತಿಂಗಳಿಗೆ ನಿನ್ನನ್ನೂ ಕೂಸನ್ನೂ ನಮ್ಮೂರು ಕಿಣ್ಣಿ ಸುಲ್ತಾನಕ್ಕೆ ಕರೆದೊಯ್ಯಲು ಅವ್ವ ಈಗಲೇ ಕಾಯುತ್ತಿದ್ದಾಳೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಎರಡು ವರ್ಷದ ಹಿಂದೆ ನಮ್ಮ ದಶರಥ ಇಪ್ಪತ್ತೆರಡನೆಯ ದಿನಕ್ಕೆ ತೀರಿಕೊಂಡ. ಅವನಿಗೆ ಭೇದಿಯಾಗಿ ಹೊಟ್ಟೆ ನಿಲ್ಲುತ್ತಿರಲಿಲ್ಲವೆಂಬುದು ನಿನಗೂ ನೆನಪಿದೆ. ಸಾಬವ್ವ ಈಗ ಇಪ್ಪತ್ತು ದಿನದವಳು. ಆದ್ದರಿಂದ ಅವಳ ಹೊಟ್ಟೆಯ ವಿಷಯ ನನಗೆ ದಿನದಿನದ್ದೂ ತಿಳಿಯಬೇಕು. ಕಾಗದದಲ್ಲಿ ಅಂಥ ಮಾತು ಬರೆಯಲು ನಿನಗೆ ಸಂಕೋಚವಾದೀತು, ನನಗೂ ಇಲ್ಲಿ ನಾಲ್ವರ ನಡುವೆ ಓದಲು ಸಂಕೋಚ. ಕಾಗದದ ಕೆಳಗೆ ವಾರದ ಹೆಸರು ಬರೆದು, ಕೂಸು ಎಷ್ಟು ಸಲ ಹೊರಕಡೆ ಮಾಡಿತೋ ಅಷ್ಟು ಚುಕ್ಕಿ ಇಡು. ಬೇರೆ ಯಾರು ನೋಡಿದರೂ ತಿಳಿಯುವುದಿಲ್ಲ.

ಅಣ್ಣಾರಾಯ


ಕೊಳಕೂರ
ತಾ. 16-11-1941

ತಮ್ಮ ಪಾದಗಳಿಗೆ ಶರಣಬಸಮ್ಮ ಮಾಡುವ ಶರಣು.

ತಮ್ಮ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ಕಲಿಸಿದವರು ತಾವು. ಕಲಿತ ಅಕ್ಷರ ಇಂಥ ಕೆಲಸಕ್ಕೆ ಬಂದೀತೆಂದು ತಿಳಿದಿರಲಿಲ್ಲ. ನಾನು ಚುಕ್ಕಿ ಇಡುವಾಗ ನಿಂಬೆವ್ವ ನೋಡಿ ಏನೆಂದು ಕೇಳಿದಳು. ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೇಲೂ ಈಗ ಟಪಾಲಿನಾಗ ಹೋಗ್ತದೇನವ್ವ?" ಎಂದಳು. ತಾವು ಕೋಪ ಮಾಡಿಕೊಳ್ಳಬಾರದು. ನನ್ನ ತಾಯಿ ತೀರಿದಾಗ ತನ್ನ ಮಗಳ ಜೊತೆಗೆ ನನಗೂ ಮೊಲೆ ಕೊಟ್ಟು ಬೆಳೆಸಿದವಳು ಅವಳು. ಈ ಸಲವೂ ನನಗೆ, ಕೂಸಿಗೆ ನೀರು ಎರೆಯುವವಳು ಅವಳೇ. ನಾನು ಬಚ್ಚಲಿನಿಂದ ಬರುವತನಕ ಕೂಸನ್ನು ಯಾರ ಕೈಗೂ ಕೊಡಬಾರದೆಂದು ಅಣ್ಣನ ಹೆಂಡತಿ, ನಮ್ಮ ವೈನಿಗೆ ಹೇಳಿ ಕೂಸಿನ ಪಕ್ಕದಲ್ಲೇ ಕೂಡಿಸುತ್ತಾಳೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ.

ಕೂಸಿನದು ಅರಿಷಿಣ ಕಲಸಿದ ತೆಳು ಮೊಸರಿನ ಹಾಗೆ, ಒಳಗೆ ಸಾಸಿವೆಯಷ್ಟು ಕಾಳು. ಹಾಲು ಕುಡಿದ ಕೂಡಲೇ ಆಗುತ್ತದೆ. ಅರಿವೆ ತೊಳೆದು ತೊಳೆದು ನಿಂಬೆವ್ವನ ಬೆರಳು ಹಳದಿಯಾಗಿವೆ. ಇಷ್ಟು ಬರೆದದ್ದಕ್ಕೇ ನನ್ನ ಮುಖ ಕಾದಿದೆ.

ಗುರುವಾರ ••••••••
ಶುಕ್ರವಾರ •••••••
ಶನಿವಾರ ••••••••


ಆಳಂದ
ತಾ. 21-11-1941

ಚಿ. ಸೌ. ಶರಣಬಸಮ್ಮಳಿಗೆ ಆಶೀರ್ವಾದ.

ಕಾಗದ ಮುಟ್ಟಿತು. ನಮ್ಮ ಕಚೇರಿಯ ಗೌಸಮೊಹಿದ್ದೀನ ನನ್ನ ಹೆಗಲ ಮೇಲಿಂದ ಇಣುಕಿ, "ಏನ್ರಿ ಅಣ್ಣಾರಾಯರ, ಬೇಗಂ ಸಾಹೇಬರು ಆಕಾಶದ ನಕಾಶೆ ಕಳಿಸ್ಯಾರೇನು?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಎಂಟು ಬಹಳ. ದಶರಥನಿಗೂ ಎಂಟು, ಒಂಬತ್ತು ಆಗುತ್ತಿತ್ತು. ಬಣ್ಣವೂ ನೀನು ಬರೆದಂಥದ್ದೇ. ಆದರೂ ಕೂಸಿನ ಬಾಯಿಗೆ ಯಾವ ಔಷಧವನ್ನೂ ಹಾಕಬೇಡ. ಬಜೆ ಬೇಡ, ಗುಟ್ಟಿ ಬೇಡ, ಯಾರು ಎಷ್ಟು ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ಬೇಡ. ನಿನ್ನ ಹಾಲಿನ ಹೊರತು ಏನೂ ಬೇಡ. ಈ ಮಾತನ್ನು ಮರೆಯಬಾರದು.

ನಿಂಬೆವ್ವ ಎಂದಿಗೆ ಹೋಗುತ್ತಾಳೆ? ಅವಳ ಮಗಳು ಅಫಜಲಪುರದ ಕಡೆ ಹವಳಗಾದಲ್ಲಿ ಇರುವಳಲ್ಲವೆ? ವಯಸ್ಸಾದವಳನ್ನು ಎಷ್ಟು ದಿನ ದುಡಿಸಿಕೊಳ್ಳುವುದು?

ಅಣ್ಣಾರಾಯ


ಕೊಳಕೂರ
ತಾ. 8-12-1941

ತಮ್ಮ ಪಾದಗಳಿಗೆ ಶರಣು.

ತಮ್ಮ ಮನಸ್ಸಿಗೆ ಸಮಾಧಾನವಾಗುವ ಸುದ್ದಿ ಎಂದು ತಿಳಿದಿದ್ದೆ. ಈಗ ಏನೆಂದು ಬರೆಯಬೇಕೋ ತಿಳಿಯದು. ಎಂಟು ಇದ್ದದ್ದು ಮೂರಾಯಿತು, ಮೂರು ಇದ್ದದ್ದು ಒಂದಾಯಿತು. ಶುಕ್ರವಾರ ಒಂದು ಸಲ ಆದದ್ದೇ ಕೊನೆ. ಶನಿವಾರ, ಭಾನುವಾರ, ಈ ದಿನ ಸೋಮವಾರ, ಏನೂ ಇಲ್ಲ.

ಕೂಸು ಅಳುವುದಿಲ್ಲ. ಹಾಲು ಕುಡಿಯುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತದೆ. ಮೊದಲು ತಾಸಿಗೊಮ್ಮೆ ಏಳುತ್ತಿದ್ದದ್ದು ಈಗ ಎರಡು ಮೂರು ತಾಸು ಒಂದೇ ಸಮ ಮಲಗುತ್ತದೆ. ಎಲೆಯ ತೊಟ್ಟಿಗೆ ಔಡಲ ಎಣ್ಣೆ ಹಚ್ಚಿ ಹೊರಕಡೆ ಮಾಡಿಸೋಣವೆಂದು ವೈನಿ ಎರಡು ಸಲ ಎದ್ದಳು. ನಿಂಬೆವ್ವ ಬಿಡಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಮೊಲೆಹಾಲಿನ ಕೂಸುಗಳು ಹೀಗೇ, ತಾನೇ ಆಗುತ್ತದೆ, ಸುಮ್ಮನಿರಿ ಎಂದಳು. ಅವಳ ಮಾತು ನಂಬಲೋ ಬೇಡವೋ ತಿಳಿಯದು. ತಾವು ಹೇಳಿದಂತೆ ಮಾಡುತ್ತೇನೆ.

ಶುಕ್ರವಾರ •
ಶನಿವಾರ
ಭಾನುವಾರ
ಸೋಮವಾರ


ಆಳಂದ
ತಾ. 10-12-1941

ಶರಣಬಸಮ್ಮ,

ಈ ಕಾಗದವನ್ನು ಬೇರೆ ಯಾರಿಗೂ ಓದಲು ಕೊಡಬೇಡ.

ಹೊಟ್ಟೆ ಕಟ್ಟಿದೆ, ನಿದ್ದೆ ಹೆಚ್ಚಿದೆ. ಈ ಎರಡೂ ಕೂಡಿ ಬಂದರೆ ಅದರ ಅರ್ಥವೇನೆಂದು ಆರು ವರ್ಷ ಅಫೀಮಿನ ಕೋಣೆಯಲ್ಲಿ ಕೆಲಸ ಮಾಡಿದ ನನಗೆ ಯಾರೂ ಹೇಳಬೇಕಿಲ್ಲ. ಕೂಲಿಗೆ ಹೋಗುವ ಹೆಂಗಸರು ಕೂಸು ಅಳದೆ ಮಲಗಲೆಂದು ಏನು ನೆಕ್ಕಿಸುತ್ತಾರೆಂಬುದು ಈ ತಾಲೂಕಿನಲ್ಲಿ ಎಲ್ಲರಿಗೂ ಗೊತ್ತು. ನಿಂಬೆವ್ವ ಹರೆಯದಲ್ಲಿ ಜೋಳದ ಕೊಯ್ಲಿಗೆ ಹೋದವಳು. ಕೂಸು ದಿನಕ್ಕೆ ಎರಡು ತಾಸು ಅವಳ ಕೈಯಲ್ಲಿರುತ್ತದೆ. ಎಣ್ಣೆ ಹಚ್ಚಲೂ ಅವಳು ಬಿಡುವುದಿಲ್ಲವೆಂದು ನೀನೇ ಬರೆದಿದ್ದಿ. ಯಾಕೆ ಬಿಡುವುದಿಲ್ಲ?

ಈ ಕಾಗದ ಮುಟ್ಟಿದ ಕೂಡಲೇ ಅವಳ ಎಲೆ ಅಡಿಕೆಯ ಸಂಚಿ ನೋಡು. ಕಪ್ಪಗೆ, ಬೆಲ್ಲದ ತುಣುಕಿನಂತಹದು ಸಿಕ್ಕರೆ ಕಾಗದದಲ್ಲಿ ಸುತ್ತಿ ನನಗೆ ಕಳಿಸು. ಸಿಗಲಿ ಬಿಡಲಿ, ಅವಳು ಆ ದಿನವೇ ಮನೆ ಬಿಡಬೇಕು. ಇದು ನನ್ನ ಮಾತೆಂದು ನಿನ್ನ ಅಣ್ಣನಿಗೆ ಹೇಳು.

ಅಣ್ಣಾರಾಯ


ಕೊಳಕೂರ
ತಾ. 12-12-1941

ತಮ್ಮ ಪಾದಗಳಿಗೆ ಶರಣು.

ತಾವು ಹೇಳಿದಂತೆ ಮಾಡಿದೆ. ಸಂಚಿಯಲ್ಲಿ ಸಿಕ್ಕಿದ್ದನ್ನು ಇದರೊಳಗೆ ಇಟ್ಟಿದ್ದೇನೆ. ನಿಂಬೆವ್ವ ಮಧ್ಯಾಹ್ನವೇ ಹೋದಳು.

ಇವತ್ತಿಗೆ ಏಳು ದಿನ. ಚುಕ್ಕಿ ಇಲ್ಲ.


ಆಳಂದ
ತಾ. 14-12-1941

ಚಿ. ಸೌ. ಶರಣಬಸಮ್ಮಳಿಗೆ ಆಶೀರ್ವಾದ.

ನೀನು ಕಳಿಸಿದ ತುಣುಕನ್ನು ನೋಡಿದೆ. ಅದು ಅಫೀಮಲ್ಲ. ಎಲೆಗೆ ಹಾಕುವ ಕಾಚು. ಮುರಿದರೆ ಪುಡಿಯಾಗುತ್ತದೆ, ವಾಸನೆ ಇಲ್ಲ.

ಆದರೂ ಅವಳನ್ನು ಮತ್ತೆ ಮನೆಗೆ ಸೇರಿಸಬೇಡ. ಬೇರೆ ಕಡೆ ಬಚ್ಚಿಟ್ಟಿರಬಹುದು. ಕೂಸಿನ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆ. ಹೊಟ್ಟೆಯ ಸುದ್ದಿ ಕೂಡಲೇ ತಿಳಿಸು.

ಅಣ್ಣಾರಾಯ


ಕೊಳಕೂರ
ತಾ. 15-12-1941

ತಮ್ಮ ಪಾದಗಳಿಗೆ ಶರಣು.

ತಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯದೆ ಬರೆಯುತ್ತಿದ್ದೇನೆ. ಹಿಂದಿನ ಕಾಗದದಲ್ಲಿ ನಾನು ಎರಡು ಸಾಲು ಬರೆದೆ, ಬರೆಯದೆ ಬಿಟ್ಟದ್ದು ಬಹಳ ಇದೆ.

ಸಂಚಿ ನೋಡಿದ್ದು ಒಳಗಲ್ಲ, ಅಂಗಳದಲ್ಲಿ. ಒಳಗೆ ಕೇಳೋಣವೆಂದುಕೊಂಡಿದ್ದೆ. ವೈನಿಯ ದನಿ ಏರಿತು, ನೆರೆಮನೆಯವರು ಬಂದರು. ನಿಂಬೆವ್ವ ಕೂಸಿನ ಅರಿವೆ ಹಿಂಡುತ್ತಿದ್ದಳು. ಕೈ ಒರೆಸಿಕೊಂಡು ಬಂದು ಸೊಂಟದ ಸಂಚಿ ಬಿಚ್ಚಿ ನನ್ನ ಮುಂದೆ ಹಿಡಿದಳು. "ನಿನ್ನ ಕೈಲೇ ನೋಡವ್ವ. ಅವರ ಕೈ ಹಚ್ಚಬ್ಯಾಡ" ಎಂದಳು. ನಾನು ನೆಲದ ಮೇಲೆ ಸುರಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಆ ಕರಿ ತುಣುಕು. ಅದು ಕಾಚು ಎಂದಳು. ಕದ್ದವರೆಲ್ಲ ಹಾಗೇ ಅನ್ನುತ್ತಾರೆಂದು ವೈನಿ ಹೇಳಿದಳು. ನಾನು ಆ ತುಣುಕನ್ನು ಕಾಗದದಲ್ಲಿ ಸುತ್ತಿಕೊಂಡೆ. ನಿಂಬೆವ್ವ ಒಣಗಿದ ಅರಿವೆಗಳನ್ನು ಮಡಿಚಿಟ್ಟು, ಒದ್ದೆಯವನ್ನು ಹಗ್ಗಕ್ಕೆ ಹಾಕಿ, ಖಾಲಿ ಸಂಚಿ ಸಿಕ್ಕಿಸಿಕೊಂಡು ಹೋದಳು. ಚೆಲ್ಲಿದ ಎಲೆ ಅಡಿಕೆ ಆರಿಸಿಕೊಳ್ಳಲಿಲ್ಲ. ಸಂಜೆ ನಾನೇ ಬಳಿದು ತಿಪ್ಪೆಗೆ ಹಾಕಿದೆ.

ಮರುದಿನ ಶನಿವಾರ, ಎಂಟನೆಯ ದಿನ. ಅಣ್ಣ ಗಾಡಿ ಕಟ್ಟಿದ. ಜೇವರ್ಗಿಯಲ್ಲಿ ಮೆಹರಾಜಬೇಗಂ ಎಂಬ ಸೂಲಗಿತ್ತಿ ಇದ್ದಾರೆ. ಹೈದರಾಬಾದಿನಲ್ಲಿ ಕಲಿತು ಬಂದವರು. ಅವರು ಕೂಸಿನ ಅರಿವೆ ಬಿಚ್ಚಿ, ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿದೆ ಎಂದರು. ದಿನಕ್ಕೆ ಎಷ್ಟು ಅರಿವೆ ಉಚ್ಚೆಗೆ ತೋಯುತ್ತವೆ ಎಂದು ಕೇಳಿದರು. ಏಳೆಂಟು ಎಂದೆ. ವಾಂತಿ ಇಲ್ಲ, ಜ್ವರ ಇಲ್ಲ, ಮೊಲೆ ಬಿಡದೆ ಕುಡಿಯುತ್ತದೆ. ತಕ್ಕಡಿಯಲ್ಲಿಟ್ಟು ತೂಗಿದರು. ಕಡೆಗೆ ನಾನು ತಲೆ ಬಾಗಿಸಿ ಅಫೀಮಿನ ಮಾತು ಎತ್ತಿದೆ. ಅವರು ಕೂಸಿನ ಮುಖದ ಮುಂದೆ ಬೆರಳಾಡಿಸಿದರು. ಕೂಸು ಅವರ ಬೆರಳ ಹಿಂದೆಯೇ ಕಣ್ಣು ಹೊರಳಿಸಿ ನಕ್ಕಿತು. "ಅಫೀಮು ತಿಂದ ಕೂಸು ಹಿಂಗ ನಗ್ತದೇನ್ರಿ? ಅದಕ್ಕ ಕಣ್ಣೇ ತೆರಿಯಾಕ ಆಗಲ್ಲ, ಮೊಲಿನೂ ಹಿಡಿಯಲ್ಲ. ಯಾರ ಹೇಳಿದ್ರಿ ನಿಮಗ ಇದು?" ಎಂದರು. ಯಾರು ಹೇಳಿದರೆಂದು ನಾನು ಹೇಳಲಿಲ್ಲ.

ಬರೀ ತಾಯಿಯ ಹಾಲು ಕುಡಿಯುವ ಕೂಸು ಮೊದಲ ತಿಂಗಳು ದಿನಕ್ಕೆ ಎಂಟು ಹತ್ತು ಸಲ ಹೋಗುತ್ತದಂತೆ. ಆಮೇಲೆ ವಾರಗಟ್ಟಲೆ ಹೋಗದಿದ್ದರೂ, ಹೊಟ್ಟೆ ಮೆತ್ತಗಿದ್ದು ಆಟವಾಡುತ್ತಿದ್ದರೆ ಹೆದರಬೇಕಾಗಿಲ್ಲವಂತೆ. ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಕಾರಿಕೊಂಡರೆ, ಹಾಲು ಬಿಟ್ಟರೆ ಕೂಡಲೇ ಕರೆತರಬೇಕೆಂದರು. ನಿಂಬೆವ್ವ ಹೇಳಿದ್ದೂ ಇದನ್ನೇ. ಓದಿದವರ ಬಾಯಿಂದ ಬಂದಾಗ ನಾನು ನಂಬಿದೆ.

ನಿನ್ನೆ ಭಾನುವಾರ ಎರೆಯುವ ಹೊತ್ತಿಗೆ ತಾನೇ ಆಯಿತು. ಬಹಳ, ಕುಂಚಿಗೆಯೆಲ್ಲ ತುಂಬುವಷ್ಟು. ಮೆತ್ತಗೆ, ಹಳದಿ. ಗಟ್ಟಿ ಇರಲಿಲ್ಲ. ಎರೆಯುತ್ತಿದ್ದ ವೈನಿ ಸೀರೆ ಜಾಡಿಸಿಕೊಂಡು ಎದ್ದಳು. ನಿಂಬೆವ್ವ ಇದ್ದಿದ್ದರೆ ನಕ್ಕಿರುತ್ತಿದ್ದಳು.

ಒಂದು ಮಾತು ಉಳಿದಿದೆ. ಮೊದಲ ಕೂಸು ಏನಾಯಿತೆಂದು ಮೆಹರಾಜಬೇಗಂ ಕೇಳಿದರು. ಹೊಟ್ಟೆ ನಿಲ್ಲದೆ ಹೋಯಿತೆಂದೆ. ಎಷ್ಟು ಸಲ, ಬಣ್ಣ ಯಾವುದು, ಹಾಲು ಕುಡಿಯುತ್ತಿತ್ತೇ, ಮೈ ತುಂಬಿತ್ತೇ ಎಂದು ಕೇಳುತ್ತ ಹೋದರು. ನಾನು ಹೇಳುತ್ತ ಹೋದೆ. ಅವರು, ಹಾಗಾದರೆ ಅದು ರೋಗವಾಗಿರಲಿಲ್ಲ ಎಂದರು. ಈ ಸಾಬವ್ವನಿಗೆ ಆದದ್ದೇ ಅವನಿಗೂ ಆಗುತ್ತಿತ್ತು. ಮತ್ತೆ ಅವನು ಯಾಕೆ ಹೋದ? ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಇದನ್ನೇ ಕೇಳಿಕೊಂಡೆ. ಆ ದಿನಗಳಲ್ಲಿ ತಾವೂ ಇಲ್ಲೇ ಇದ್ದಿರಿ. ತಮಗೇನಾದರೂ ನೆನಪಿದ್ದರೆ ಬರೆಯಿರಿ.

ಭಾನುವಾರ •


ಕೊಳಕೂರ
ತಾ. 26-12-1941

ತಮ್ಮ ಪಾದಗಳಿಗೆ ಶರಣು.

ಕಾಚಿನ ವಿಷಯ ಬರೆದ ತಮ್ಮ ಕಾಗದ ನನ್ನ ಕಾಗದ ಹೋದ ಮರುದಿನ ಬಂತು. ಆಮೇಲೆ ಹತ್ತು ದಿನವಾದರೂ ತಮ್ಮಿಂದ ಏನೂ ಬಂದಿಲ್ಲ. ಅದು ಕಾಚೆಂದು ತಿಳಿದ ಮೇಲೂ ನಿಂಬೆವ್ವ ಯಾಕೆ ಬರಬಾರದು? ನಾನು ಅಣ್ಣನಿಗೆ ಏನು ಹೇಳಲಿ? ಅವಳು ಹವಳಗಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಊರಿನ ಒಬ್ಬ ಬಾಣಂತಿಯೂ ಈಗ ಅವಳನ್ನು ಎರೆಯಲು ಕರೆಯುವುದಿಲ್ಲವೆಂದು ನೆರೆಮನೆಯಾಕೆ ಹೇಳಿದಳು. ಹಾಗೆ ಮಾಡಿದವಳು ನಾನು.

ಸೋಮವಾರ •
ಮಂಗಳವಾರದಿಂದ ಇಂದಿನತನಕ ಇಲ್ಲ. ಕೂಸು ಚೆನ್ನಾಗಿದೆ.


ಆಳಂದ
ತಾ. 2-1-1942

ಶರಣಬಸಮ್ಮ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ದಶರಥನ ತೊಟ್ಟಿಲಿಗೆ ನಾನು ಬಂದಾಗ ನನ್ನ ಅಂಗಿಯ ಕಿಸೆಯಲ್ಲಿ ಒಂದು ಕಾಗದದ ಮಡಿಕೆ ಇತ್ತು. ಅವನಿಗೆ ಹೊಟ್ಟೆ ನಿಲ್ಲುತ್ತಿಲ್ಲವೆಂದು ನಿನ್ನ ಅಣ್ಣ ಮೊದಲೇ ಬರೆದಿದ್ದ. ಭೇದಿ ಕಟ್ಟಲು ದೊಡ್ಡವರು ಅಫೀಮು ತೆಗೆದುಕೊಳ್ಳುವುದನ್ನು ನಾನು ದಿನವೂ ನೋಡಿದವನು. ಎಂಟೆಂಟು ಅರಿವೆ ನೋಡಿ ಹೆದರಿದೆ. ಕೊಡಲೋ ಬೇಡವೋ ಎಂದು ಒಂದು ವಾರ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನಿಂಬೆವ್ವ ನಿನಗೆ ಬಚ್ಚಲಲ್ಲಿ ಎರೆಯುತ್ತಿದ್ದಳು. ಕೂಸು ನನ್ನ ತೊಡೆಯ ಮೇಲಿತ್ತು. ಉಗುರಿನ ತುದಿಗೆ ಹತ್ತಿದಷ್ಟನ್ನು ಅವನ ನಾಲಿಗೆಗೆ ಹಚ್ಚಿದೆ. ಅವನು ಬೆರಳನ್ನು ಚೀಪಿದ.

ಮಧ್ಯಾಹ್ನಕ್ಕೆ ಹೊಟ್ಟೆ ನಿಂತಿತು. ನೀನು ಎಷ್ಟು ಸಂತೋಷಪಟ್ಟೆ ಎಂದು ನನಗೆ ನೆನಪಿದೆ. ನಾನೂ ನನ್ನ ಬುದ್ಧಿಯನ್ನು ಮೆಚ್ಚಿಕೊಂಡೆ. ಅವನು ಹಾಲಿಗೆ ಏಳಲಿಲ್ಲ. ಮರುದಿನ ಹೊತ್ತು ಏರುವ ಮೊದಲು ಉಸಿರು ನಿಂತಿತ್ತು. ಎಲ್ಲರೂ ಬಾಲಗ್ರಹವೆಂದರು. ಕಡೆಯ ಸ್ನಾನ ಮಾಡಿಸಿದವಳು ನಿಂಬೆವ್ವ. ಅವನ ರೆಪ್ಪೆ ಎತ್ತಿ ನೋಡಿದಳು, ತುಟಿಯ ಹತ್ತಿರ ಮೂಗು ಒಯ್ದಳು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಏನೂ ಅನ್ನಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಅನ್ನಲಿಲ್ಲ.

ಅದರಿಂದಲೇ ಹೋದನೋ, ಬೇರೆ ಏನೋ, ನನಗೆ ತಿಳಿಯದೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅವನಿಗೆ ರೋಗವಿತ್ತು, ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದುಕೊಳ್ಳುವುದೊಂದೇ ನನಗೆ ಆಧಾರವಾಗಿತ್ತು. ಅವನಿಗೆ ರೋಗವಿರಲಿಲ್ಲವೆಂದು ನೀನು ಬರೆದಿ.

ಸಾಬವ್ವನ ತೊಟ್ಟಿಲಿಗೆ ನಾನು ಬರದಿದ್ದುದು ತಪಾಸಣೆಯ ಸಲುವಾಗಿ ಅಲ್ಲ. ಆ ಮುದುಕಿಯ ಮುಖ ನೋಡಲಾರದೆ. ಕೂಸಿನ ಹೊಟ್ಟೆ ಕಟ್ಟಿದೆ ಎಂದು ಓದಿದಾಗ ನಿಜವಾಗಿಯೂ ಹೆದರಿದೆ, ಅದು ಸುಳ್ಳಲ್ಲ. ಆದರೆ ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು. ತಪ್ಪು ಅವಳದಾದರೆ ಅವಳು ನಿನ್ನ ಮನೆಯಿಂದ ಹೋಗುತ್ತಾಳೆ, ಮುಂದೆ ಅವಳು ಏನು ಹೇಳಿದರೂ ಯಾರೂ ನಂಬುವುದಿಲ್ಲ. ಕಾಚಿನ ತುಣುಕು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆಗಲೂ ಅವಳನ್ನು ಸೇರಿಸಬೇಡ ಎಂದು ಬರೆದೆ.

ನಾನು ಮಾಡಿದ್ದನ್ನು ಅವಳ ಸಂಚಿಯಲ್ಲಿ ಹುಡುಕಿಸಿದೆ. ಇಷ್ಟೇ.

ಅಣ್ಣಾರಾಯ


ಕೊಳಕೂರ
ತಾ. 11-1-1942

ತಮಗೆ,

ಕಾಗದ ಸೋಮವಾರ ಬಂತು. ಎರಡು ದಿನ ಕೂಸಿಗೆ ಹಾಲು ಕೊಡುವುದು, ಅರಿವೆ ಬದಲಿಸುವುದು, ಇಷ್ಟನ್ನೇ ಮಾಡಿದೆ. ಯಾರಿಗೂ ಹೇಳಲಿಲ್ಲ. ದಶರಥ ಮಲಗಿದ್ದಾನೆಂದು ಆ ದಿನ ನಾನು ಸಂತೋಷಪಟ್ಟದ್ದು ನನಗೂ ನೆನಪಿದೆ. ನೋಡಿರೆಂದು ತಮ್ಮನ್ನು ಕರೆದು ತೋರಿಸಿದ್ದೆ.

ಗುರುವಾರ ಅಣ್ಣನನ್ನು ಕರೆದುಕೊಂಡು ಹೊಳೆ ದಾಟಿ ಹವಳಗಾಕ್ಕೆ ಹೋದೆ. ನಿಂಬೆವ್ವ ಮಗಳ ಮನೆಯ ಮುಂದೆ ತೊಗರಿ ಕೇರುತ್ತಿದ್ದಳು. ನಾನು ಹೊಸ ಸಂಚಿ ಹೊಲಿದು, ಎಲೆ, ಅಡಿಕೆ, ಸುಣ್ಣ, ಕಾಚು ತುಂಬಿ ಒಯ್ದಿದ್ದೆ. ಅವಳ ಮುಂದೆ ಇಟ್ಟು ಕಾಲು ಹಿಡಿದೆ. ಅವಳು ಸಂಚಿ ನೋಡಲಿಲ್ಲ, ಕೂಸನ್ನು ತೆಗೆದುಕೊಂಡಳು. ಮೊದಲು ಹೊಟ್ಟೆ ಮುಟ್ಟಿ ನೋಡಿದಳು. "ಎಷ್ಟ ದಿನಕ್ಕೊಮ್ಮಿ?" ಎಂದಳು. ಐದು ಆರು ದಿನಕ್ಕೊಮ್ಮೆ ಎಂದೆ. ತಲೆಯಾಡಿಸಿದಳು.

ತಮ್ಮ ಕಾಗದದ ಮಾತು ನಾನು ಅವಳಿಗೆ ಹೇಳಲಿಲ್ಲ. ದಶರಥನ ಕಡೆಯ ಸ್ನಾನದ ದಿನ ಏನು ಕಂಡೆ ಎಂದು ಮಾತ್ರ ಕೇಳಿದೆ. ಅಣ್ಣ ದೂರ ಎತ್ತಿಗೆ ನೀರು ತೋರಿಸುತ್ತಿದ್ದ. ನಿಂಬೆವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ, ಬಹಳ ಹೊತ್ತು ಕೇರಿದ್ದನ್ನೇ ಮತ್ತೆ ಕೇರಿದಳು.

"ಹೇಳಾಂವ ಹೇಳಿದನೇನು?" ಎಂದಳು.

ನಾನು ಕೂಸಿನ ಕುಂಚಿಗೆ ಸರಿಪಡಿಸಿದೆ.

"ಹೊಟ್ಟಿ ನಿಲ್ಲಲಿ ಅಂತ ಕೊಟ್ಟಿದ್ದವ್ವ. ಕೊಲ್ಲಬೇಕಂತ ಯಾವ ತಂದಿ ಕೊಡ್ತಾನ?"

ಗೊತ್ತಿದ್ದೂ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರ ನೀ ಮತ್ತ ಅವನ ಮನಿಗಿ ಹೋಗ್ತಿದ್ದೇನು? ಈ ಸಾಬವ್ವ ಎಲ್ಲಿಂದ ಬರ್ತಿದ್ಲು?"

ಅಂಗಳದಲ್ಲಿ ನಾನು ಸಂಚಿ ಸುರಿದಾಗಲಾದರೂ ಹೇಳಬಹುದಿತ್ತಲ್ಲ ಎಂದೆ. ಅಷ್ಟು ಮಂದಿಯ ಮುಂದೆ ಹೇಳಬೇಕಿತ್ತೇ ಎಂದು ಅವಳು ತಿರುಗಿ ನನ್ನನ್ನೇ ಕೇಳಿದಳು. ನಿಮ್ಮ ಮಾನ ಅವಳಿಗೆ ಅಷ್ಟು ದೊಡ್ಡದಾಗಿತ್ತು. ಅವಳದನ್ನು ನಾವಿಬ್ಬರೂ ಕೂಡಿ ನೆಲಕ್ಕೆ ಸುರಿದೆವು. ನೀವು ಬರೆದಿರಿ, ನಾನು ಬಿಚ್ಚಿದೆ. ನಿಮ್ಮದು ಹೆಚ್ಚೋ ನನ್ನದು ಹೆಚ್ಚೋ ಎಂದು ತೂಗುವ ಶಕ್ತಿ ನನಗಿಲ್ಲ.

ಬಂದು ಎರೆಯುತ್ತೀಯಾ ಎಂದು ಕೇಳಿದೆ. "ಬರ್ತೇನಿ. ಆದ್ರ ಅಳಿಯನೂ ಬರಲಿ. ನಾ ನಿನಗ ಎರಿಯೋ ಹೊತ್ತಿಗಿ ಕೂಸು ಅವನ ತೊಡಿ ಮ್ಯಾಲೇ ಇರಬೇಕು" ಎಂದಳು. ಅದನ್ನು ಕೇಳಿ ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಅವಳು ನನ್ನ ಮುಖ ನೋಡಿ, "ಇಲ್ಲಂದ್ರ ಅವ ಈ ಕೂಸಿನ್ನ ಎಂದೂ ಮುಟ್ಟಾಂವಲ್ಲ" ಎಂದಳು.

ಹೊಸ ಸಂಚಿಯನ್ನು ಅವಳು ಇಟ್ಟುಕೊಳ್ಳಲಿಲ್ಲ. ನೀವು ಬಂದು, ಅಂದು ನೋಡಿದ ನೆರೆಮನೆಯವರೆಲ್ಲರ ಮುಂದೆ, ಅದೇ ಅಂಗಳದಲ್ಲಿ ಕೊಡಬೇಕಂತೆ. ಕಾರಣ ಹೇಳುವುದು ಬೇಡವಂತೆ, ಕೊಟ್ಟರೆ ಸಾಕಂತೆ. ಕಾರಣ ಹೇಳಬೇಕೆಂದು ನಾನು ಅನ್ನುತ್ತೇನೆ. ಅಣ್ಣನಿಗಾದರೂ ನೀವೇ ಹೇಳಬೇಕು. ಅದನ್ನು ನಾನು ಹೇಳುವುದಿಲ್ಲ.

ನಾನು ಕ್ಷಮಿಸಿದ್ದೇನೆಂದು ತಿಳಿಯಬೇಡಿರಿ. ಕ್ಷಮಿಸುವುದಿಲ್ಲವೆಂದೂ ಬರೆಯುತ್ತಿಲ್ಲ. ಕಿಣ್ಣಿ ಸುಲ್ತಾನಕ್ಕೆ ಬರುವ ಮಾತು ಆಮೇಲೆ. ಸಂಚಿ ನನ್ನ ತಲೆಯ ಹತ್ತಿರ ಗೂಡಿನಲ್ಲಿದೆ. ಎಲೆ ಬಾಡಿದರೆ ಬೇರೆ ಹಾಕುತ್ತೇನೆ.

ಇಂದು ಬೆಳಿಗ್ಗೆ ಕೂಸಿಗೆ ಆಯಿತು. ಇನ್ನು ಮೇಲೆ ಕಾಗದದಲ್ಲಿ ಚುಕ್ಕಿ ಕಳಿಸುವುದಿಲ್ಲ. ಬಂದು ಅರಿವೆ ಬಿಚ್ಚಿ ನೀವೇ ನೋಡಿರಿ.

ಭಾನುವಾರ •